ಸವಳು ಮೂಲೆಯ ಕಣಗಿಲೆ

ಮುಶಿಗೇರಿಯಲ್ಲಿ ಸಿದ್ದವ್ವನ ಸುದ್ದಿ ತೆಗೆದರೆ ಜನ ಮೊದಲು ನಗುತ್ತಾರೆ, ಆಮೇಲೆ ದನಿ ತಗ್ಗಿಸುತ್ತಾರೆ. ನಗುವುದು ಆಕೆಯ ಹಟಕ್ಕೆ. ದನಿ ತಗ್ಗಿಸುವುದೂ ಅದೇ ಹಟಕ್ಕೆ. "ಆಕಿ ಕೂಡ ಪಂತಾ ಕಟ್ಟಬ್ಯಾಡ್ರಿ, ಸವಳು ಮಣ್ಣ ಸೋತೈತಿ, ನಿಮ್ಮದೇನು!" ಎಂದು ಹೊಸಬರಿಗೆ ಬುದ್ಧಿ ಹೇಳುವವರೂ ಇದ್ದಾರೆ. ಸವಳು ಮಣ್ಣು ಹೇಗೆ ಸೋತಿತು ಅನ್ನುವುದಕ್ಕೆ ಮೊದಲು ಅದು ಸಿದ್ದವ್ವನ ತವರಿನ ಹಿತ್ತಲಿಗೆ ಹೇಗೆ ಬಂತು ಅನ್ನುವುದನ್ನು ಹೇಳಬೇಕು.

ಮಣ್ಣಿನ ಮಾಳಿಗೆಯ ಮನೆಗಳಿದ್ದ ಕಾಲದಲ್ಲಿ ಈ ಸೀಮೆಯವರು ಪ್ರತಿ ವರ್ಷ ಮುಂಗಾರಿಗೆ ಮೊದಲು ಸವಳು ಮಣ್ಣು ಹೇರಿಕೊಂಡು ಬಂದು ಮಾಳಿಗೆಯ ಮೇಲೆ ಹರವಿ ತುಳಿಯುತ್ತಿದ್ದರು. ಉಪ್ಪು ತುಂಬಿದ ಬೆಳ್ಳನೆಯ ಮಣ್ಣು ಅದು. ಅದರಲ್ಲಿ ಹುಲ್ಲು ಹುಟ್ಟುವುದಿಲ್ಲ, ಹುಲ್ಲು ಹುಟ್ಟದಿದ್ದರೆ ಬೇರು ಇಳಿಯುವುದಿಲ್ಲ, ಬೇರು ಇಳಿಯದಿದ್ದರೆ ಮಾಳಿಗೆ ಸೋರುವುದಿಲ್ಲ. ಹೊಸದನ್ನು ಹಾಕುವ ಮೊದಲು ಹಳೆಯದನ್ನು ಕೆರೆದು ತೆಗೆಯಬೇಕು. ಬುದ್ಧಿ ಇದ್ದವರು ಅದನ್ನು ಊರ ಹೊರಗೆ ಚೆಲ್ಲಿ ಬರುತ್ತಿದ್ದರು. ಸಿದ್ದವ್ವನ ಅಜ್ಜನಿಗೆ ಅಷ್ಟು ದೂರ ಬುಟ್ಟಿ ಹೊರಿಸುವುದು ದಂಡವೆನಿಸಿ ಹಿತ್ತಲಿನ ಒಂದು ಮೂಲೆಗೇ ಸುರಿಸಿದ. ಅವನ ಮಗನೂ ಹಾಗೇ ಮಾಡಿದ. ಎರಡು ತಲೆಮಾರಿನ ಉಪ್ಪು ಕುಡಿದ ಆ ಮೂಲೆಯಲ್ಲಿ ಜಾಲಿ ಕಂಟಿ ಕೂಡ ಹುಟ್ಟುತ್ತಿರಲಿಲ್ಲ. ಕೋಳಿಗಳೂ ಅಲ್ಲಿ ಕೆದರುವುದನ್ನು ಬಿಟ್ಟಿದ್ದವು.

ಸಿದ್ದವ್ವನನ್ನು ರಾಜೂರಿಗೆ ಕೊಟ್ಟಿದ್ದರು. ಕೊಟ್ಟ ಕೆಲವೇ ವರ್ಷಕ್ಕೆ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಬಂದು, ಇಬ್ಬರೂ ಅಕ್ಕತಂಗಿಯರ ಹಾಗೆ ಇರಿ ಎಂದ. "ಪಾಲು ಮಾಡ್ಕೊಂಡು ಉಣ್ಣಾಕ ಗಂಡ ಅನ್ನಾವೇನು ಹೊಲಾನ?" ಎಂದು ಹೇಳಿ ಸಿದ್ದವ್ವ ಟ್ರಂಕು ತಲೆಯ ಮೇಲಿಟ್ಟುಕೊಂಡು ತವರಿಗೆ ನಡೆದು ಬಂದಳು. ಮತ್ತೆ ಆ ಕಡೆ ಮುಖ ಹಾಕಲಿಲ್ಲ.

ತವರಿನಲ್ಲಿ ತಮ್ಮ ಸಂಗನಬಸವ ಇದ್ದ. ಅವನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳೇ ಸಿದ್ದವ್ವ. ಕೆಟ್ಟವನಲ್ಲ, ಅಕ್ಕನನ್ನು ಒಂದು ದಿನ ಬೈದವನಲ್ಲ. ಅವನ ಹೆಂಡತಿ ಅನ್ನಪೂರ್ಣಾ ನರಗುಂದದವಳು, ಮಾತು ಕಡಿಮೆ, ರೊಟ್ಟಿ ಬಡಿಯುವ ಕೈ ಜೋರು. ಅಕ್ಕನಿಗೆ ಹೊತ್ತುಹೊತ್ತಿಗೆ ತಾಟು ಬರುತ್ತಿತ್ತು. ಬಾರದೇ ಹೋದದ್ದು ಒಂದೇ, ಕೂತಲ್ಲೇ ಕೂತಿರುವ ಹಕ್ಕು. ಮೊದಲು ಪಡಸಾಲೆಯಲ್ಲಿ ಹಾಸಿಗೆ ಹಾಸಿಕೊಳ್ಳುತ್ತಿದ್ದಳು. "ಅಕ್ಕಾ, ಚೂರು ಏಳು, ಬೀಗರು ಬಂದಾರ" ಎಂದ ತಮ್ಮ. ಅಡುಗೆಮನೆಗೆ ಹೋದಳು. "ಅಕ್ಕಾರ, ಚೂರು ಏಳ್ರಿ, ಕಸಾ ಹೊಡೀತೀನಿ" ಎಂದಳು ಅನ್ನಪೂರ್ಣಾ. ಕಾಳಿನ ಕೋಣೆಗೆ ಹೋದಳು. ಸುಗ್ಗಿ ಬಂತು, ಚೀಲಗಳು ಬಂದವು, ಮತ್ತೆ ಏಳಬೇಕಾಯಿತು. ಕೊನೆಗೆ ಎಮ್ಮೆ ಕಟ್ಟುವ ಕಡೆ ಮಲಗಲು ಒಂದು ಹಗ್ಗದ ಹೊರಸು ಹಾಕಿಕೊಂಡಳು. ಎಮ್ಮೆ ಈದಾಗ ಅಲ್ಲಿಂದಲೂ ಎದ್ದಳು. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂಬ ಗಾದೆಯನ್ನು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ.

ಹೀಗಿರುವಾಗ ಮಣ್ಣಿನ ಮನೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟುವ ಹುಕಿ ಸಂಗನಬಸವನಿಗೆ ಬಂತು. ಆಸ್ತಿ ಪೂರಾ ತನ್ನ ಹೆಸರಿಗೆ ಆಗಬೇಕು, ಅದಕ್ಕೆ ಅಕ್ಕ ತನ್ನ ಹಕ್ಕು ಬಿಟ್ಟೆನೆಂದು ರೋಣದ ಕಚೇರಿಗೆ ಬಂದು ಸಹಿ ಹಾಕಬೇಕು. ಬಸ್ಸಿನಲ್ಲಿ ಸಿದ್ದವ್ವ ತಮ್ಮನಿಗೆ ಹೇಳಿದಳು:

"ಸಹಿ ಮಾಡ್ತೀನಿ ತಮ್ಮಾ. ನನಗ ಹೊಲಾ ಬ್ಯಾಡ, ಮನಿ ಬ್ಯಾಡ. ಕುಂತ್ರ ಯಾರೂ ಏಳು ಅನ್ನಬಾರ್ದು, ಅಂಥದ್ದೊಂದು ಜಾಗಾ ಕೊಡು. ಹೊರಸಿನಷ್ಟ ಇದ್ರೂ ಸಾಕು."

"ಅಷ್ಟ ಅಲ್ಲೇನ ಅಕ್ಕಾ? ಕೊಡೂಣಂತ."

ಸಹಿ ಆಯಿತು. ಷರತ್ತು ಹುಟ್ಟಿದ್ದು ಸಹಿಯಾದ ಮೇಲೆ. ಊರಿಗೆ ಬಂದು ಹಿರಿಯ ಪ್ರಭುಲಿಂಗಪ್ಪನನ್ನು ಕರೆಸಿ, ಅವನೆದುರಿಗೆ ಸಂಗನಬಸವ ತೋರಿಸಿದ್ದು ಅದೇ ಸವಳು ಮೂಲೆಯನ್ನು. ಅಷ್ಟಕ್ಕೂ ಬಿಡಲಿಲ್ಲ. ಹಿತ್ತಲಿನ ಹಿಂದಿನ ಓಣಿಗೆ ಸಿಮೆಂಟ್ ರಸ್ತೆ ಬರುತ್ತದೆ ಎಂಬ ಗಾಳಿಸುದ್ದಿ ಅಷ್ಟರಲ್ಲಿ ಎದ್ದಿತ್ತು, ರಸ್ತೆ ಬಂದರೆ ಟ್ರ್ಯಾಕ್ಟರ್ ನಿಲ್ಲಿಸುವುದಕ್ಕೆ ಆ ಮೂಲೆಯೇ ಸರಿ ಎಂದು ಅವನಿಗೆ ಹೊಳೆದಿತ್ತು. ಹಿರಿಯನ ಕಿವಿಯಲ್ಲಿ ಏನೋ ಊದಿದ. ಪ್ರಭುಲಿಂಗಪ್ಪ ಗಂಟಲು ಸರಿಮಾಡಿಕೊಂಡು ನ್ಯಾಯ ಹೇಳಿದ:

"ನೋಡವಾ ಸಿದ್ದವ್ವ, ತವರಿನವರು ಹೆಣ್ಣುಮಗಳಿಗೆ ಕೊಡೂದು ಅರಿಷಿಣ, ಕುಂಕುಮ, ಹೂವಿಗಂತ. ಹಿಂದಿನಿಂದ ಬಂದದ್ದು ಇದು. ಹೂವಿಗಂತ ಕೊಟ್ಟ ಜಾಗಾದಾಗ ಹೂ ಆಗಬೇಕು. ಮೂರನೇ ನಾಗರ ಪಂಚಮಿ ತನಕಾ ಟೈಮ್ ಐತಿ. ಹೂ ಆದ್ರ ಜಾಗಾ ನಿಂದು, ಗ್ವಾಡಿ ಕಟ್ಟಿಕೊ. ಆಗ್ಲಿಲ್ಲಂದ್ರ ಮನಿಗೆ ವಾಪಸ್."

ಆ ಮೂಲೆಯಲ್ಲಿ ಏನೂ ಆಗುವುದಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸಿದ್ದವ್ವನಿಗೂ ಗೊತ್ತಿತ್ತು. ತಾನು ಎತ್ತಿ ಆಡಿಸಿದ ಹುಡುಗ ತನಗೇ ಗುಂಡಿ ತೋಡಿದ್ದ. ಆದರೂ ನಾಲ್ಕು ಮೂಲೆಗೆ ನಾಲ್ಕು ಕಲ್ಲು ನೆಡಿಸಿ, ಕಲ್ಲುಗಳಿಗೆ ಪ್ರಭುಲಿಂಗಪ್ಪನ ಕೈಯಿಂದಲೇ ವಿಭೂತಿ ಹಚ್ಚಿಸಿದಳು. "ಆತ್ರಿ ಕಾಕಾ. ಮೂರನೇ ಪಂಚಮಿಗೆ ನೀವ ಬರ್ರಿ ಮತ್ತ" ಎಂದಳು.

ಮೊದಲ ವರ್ಷ ದುಂಡುಮಲ್ಲಿಗೆ ಹಚ್ಚಿದಳು. ಬಳ್ಳಿ ಕೊಟ್ಟವಳು ಗಜೇಂದ್ರಗಡದಲ್ಲಿ ಹೂವಿನ ಅಂಗಡಿ ಇಟ್ಟಿರುವ ಸುಗರಾ. ಸಿದ್ದವ್ವ ವಾರದಲ್ಲಿ ಕೆಲವು ದಿನ ಬಸ್ಸಿಗೆ ಹೋಗಿ ಅವಳ ಅಂಗಡಿಯಲ್ಲಿ ಹೂ ಕಟ್ಟಿ ಬರುತ್ತಿದ್ದಳು. ಕೆರೆಯ ಗೋಡು ಮಣ್ಣು ತಂದು ಗುಣಿ ತುಂಬಿದಳು, ಕೊಟ್ಟಿಗೆ ಗೊಬ್ಬರ ಹಾಕಿದಳು, ತನ್ನ ಪಾಲಿನ ಕುಡಿಯುವ ನೀರನ್ನೇ ಎರೆದಳು. ನೀರು ಎರೆದಷ್ಟೂ ಕೆಳಗಿನ ಉಪ್ಪು ಮೇಲೆದ್ದು, ಬೆಳಗಾದರೆ ಗುಣಿಯ ಸುತ್ತ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತಿತ್ತು. ಕೆರೆದು ತೆಗೆಯುತ್ತಿದ್ದಳು, ಮರುದಿನ ಮತ್ತೆ ಬರುತ್ತಿತ್ತು. ಮಲ್ಲಿಗೆಯ ಎಲೆಗಳು ಅಂಚಿನಿಂದ ಸುಟ್ಟು ಉದುರಿದವು. ಓಣಿಯ ಜನಕ್ಕೆ ಒಳ್ಳೆಯ ತಮಾಷೆ ಸಿಕ್ಕಿತು. "ಸಿದ್ದವ್ವ, ಹೂ ಆಗದಿದ್ರ ಬಿಡು, ಉಪ್ಪ ಮಾರು" ಎಂದು ನಕ್ಕರು. "ಮೊದಲ ನಿಮ್ಮ ಮನಿಗೆ ಕಳಸ್ತೀನಿ ತಡೀರಿ, ನಿಮ್ಮ ಸಾರು ಭಾಳ ಸಪ್ಪಗಿರ್ತೈತಂತ" ಎಂದು ಇವಳೂ ಬಿಡಲಿಲ್ಲ.

ಎರಡನೆಯ ಸಲ ಸೇವಂತಿಗೆ. ಬಿಸಿಲಿಗೆ ಒಣಗೀತೆಂದು ಅದಕ್ಕೊಂದು ನೆರಳು ಮಾಡಿದಳು. ಗಜೇಂದ್ರಗಡದ ದಾರಿಯ ಪಕ್ಕ ಕೂಲಿಯವರು ಕಡಿದು ಒಟ್ಟಿದ್ದ ಕಣಗಿಲೆಯ ಟೊಂಗೆಗಳಲ್ಲಿ ನೆಟ್ಟಗಿದ್ದವನ್ನು ಆರಿಸಿ, ಎಲೆ ಸವರಿ, ಬಸ್ಸಿನಲ್ಲಿ ಕಂಡಕ್ಟರನ ಜೊತೆ ಜಗಳಾಡಿ ತಂದು, ಗೂಟದ ಹಾಗೆ ಬಡಿದು ಮೇಲೊಂದು ಹಳೆಯ ಸೀರೆ ಕಟ್ಟಿದಳು. ಸೇವಂತಿಗೆ ಹದಿನೈದು ದಿನ ಇದ್ದಂತೆ ಮಾಡಿ ಸತ್ತುಹೋಯಿತು.

ಆ ದಿನ ಸಿದ್ದವ್ವನಿಗೆ ಎಲ್ಲ ಸಾಕೆನಿಸಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ನನ್ನ ಬಾಳೇವು ಎಂದುಕೊಂಡು ಸೀರೆಯನ್ನಾದರೂ ಬಿಚ್ಚಿಕೊಳ್ಳೋಣವೆಂದು ಹೋದಳು. ಗಂಟು ಬಿಚ್ಚುವಾಗ ಗೂಟಕ್ಕೆ ಕೈ ತಾಗಿತು. ಗೂಟದ ಗಿಣ್ಣಿನಲ್ಲಿ ಹಸಿರಾಗಿ ಏನೋ ಇಣುಕುತ್ತಿತ್ತು. ಪಕ್ಕದ್ದನ್ನು ನೋಡಿದಳು, ಅದರಲ್ಲೂ ಇತ್ತು.

ಕಡಿದ ಟೊಂಗೆ ತನ್ನೊಳಗಿನ ಹಸಿಗೆ ಒಂದು ಸಲ ಚಿಗುರುತ್ತದೆ, ಆಮೇಲೆ ಸಾಯುತ್ತದೆ. ಹೊಲದಲ್ಲಿ ಹುಟ್ಟಿ ಬೆಳೆದವಳಿಗೆ ಅಷ್ಟು ಗೊತ್ತಿಲ್ಲವೆ? ಆಸೆ ಪಡಬಾರದೆಂದು ತನಗೆ ತಾನೇ ಗದರಿಸಿಕೊಂಡಳು. ಆದರೆ ಅವು ಸಾಯಲಿಲ್ಲ. ಸುತ್ತ ಉಪ್ಪು ಏಳುತ್ತಿದ್ದರೂ ಎಲೆ ಸುಡಲಿಲ್ಲ, ಒಂದೆರಡು ವಾರ ನೀರು ಮರೆತರೂ ಬಾಡಲಿಲ್ಲ. ಒಂದನ್ನು ಮೆಲ್ಲಗೆ ಅಲುಗಾಡಿಸಿ ನೋಡಿದಳು. ಗೂಟ ಅಲುಗಾಡಲಿಲ್ಲ, ಬೇರು ಹಿಡಿದಿತ್ತು. ಆ ಸಂಜೆ ಅನ್ನಪೂರ್ಣಾಳ ಎದುರಿಗೆ, "ನೋಡ, ಕರದು ಉಪಚಾರ ಮಾಡಿದ್ದು ಸತ್ತು, ಗೂಟಾ ಅಂತ ಬಡದದ್ದು ಬದುಕಿತು" ಎಂದು ಬಾಯಿ ತುಂಬ ನಕ್ಕಳು.

ಎರಡನೆಯ ಪಂಚಮಿ ಬಂದು ಹೋಯಿತು, ಹೂ ಇರಲಿಲ್ಲ. ಗಿಡಗಳು ಎದೆಯೆತ್ತರ ಬಂದವು. ಹೂವಿಲ್ಲದಿದ್ದರೂ ಹಸಿರಿತ್ತು, ಅದನ್ನು ಕಂಡು ಸಂಗನಬಸವನಿಗೆ ಇರಿಸುಮುರಿಸಾಯಿತು. ಒಂದು ಮುಂಜಾನೆ ಕೈಕಟ್ಟಿ ನಿಂತು ಹೇಳಿದ: "ಅಕ್ಕಾ, ಕಣಗಲ ಇಸಾ ಐತಿ. ಎಮ್ಮಿ ಬಾಯಿ ಹಾಕಿದ್ರ ಕೈ ಬಿಡ್ತೈತಿ. ತಗದು ಬಿಡು."

ಅವನ ಮಾತು ಸುಳ್ಳಲ್ಲ. ಕಣಗಿಲೆಯ ಎಲೆ ದನಕ್ಕೂ ಮನುಷ್ಯರಿಗೂ ವಿಷವೇ. ಅದಕ್ಕೇ ಸಿದ್ದವ್ವ ವಾದ ಮಾಡಲಿಲ್ಲ. ಜಾಲಿ ಮುಳ್ಳು ತಂದು ಸುತ್ತ ಬಿಗಿದಳು. ದಿನಾ ಬೆಳಿಗ್ಗೆ ಉದುರಿದ ಎಲೆಗಳನ್ನು ಆರಿಸಿ ಕುಣಿಯಲ್ಲಿ ಹೂತಳು, ಕೈ ತೊಳೆದುಕೊಂಡೇ ರೊಟ್ಟಿ ಮುಟ್ಟಿದಳು. "ಒಂದ ಎಲಿ ಹೊರಗ ಬಿದ್ದಿದ್ದು ತೋರಿಸು ತಮ್ಮಾ, ಇವತ್ತ ಕಿತ್ತು ಒಗಿತೀನಿ" ಎಂದಳು. ಸಂಗನಬಸವ ಹುಡುಕಿದ, ಸಿಗಲಿಲ್ಲ.

ಮೂರನೆಯ ಬೇಸಿಗೆಯಲ್ಲಿ, ಬಸವ ಜಯಂತಿ ಮುಗಿದ ವಾರ, ಟೊಂಗೆಯ ತುದಿಗಳಲ್ಲಿ ಮೊಗ್ಗು ಕಂಡವು. ಸಿದ್ದವ್ವ ಯಾರಿಗೂ ಹೇಳದೆ ಸಂತೋಷವನ್ನು ನುಂಗಿಕೊಂಡು ಗಜೇಂದ್ರಗಡಕ್ಕೆ ಹೋಗಿ ಸುಗರಾಳಿಗೆ ಮಾತ್ರ ಹೇಳಿದಳು. "ಅರಳ್ಲಿ ಬೇ ಸಿದ್ದಕ್ಕ! ಸೋಮವಾರ ಕಣಗಲ ಹೂ ಕೇಳಾಕ ಮಂದಿ ಸಾಲು ಹಚ್ಚತಾರ, ಎಲ್ಲಿಂದ ತರ್ಲಿ ನಾ?" ಎಂದು ಸುಗರಾ ಅವಳಿಗೆ ಚಹಾ ತರಿಸಿ ಕುಡಿಸಿದಳು.

ಸಂಜೆ ತಿರುಗಿ ಬಂದಾಗ ಮುಳ್ಳಿನ ಬೇಲಿ ಸರಿದಿತ್ತು. ಗಿಡಗಳೆಲ್ಲ ಮೊಣಕಾಲೆತ್ತರಕ್ಕೆ ಕಡಿಸಿಕೊಂಡು ನಿಂತಿದ್ದವು. ಮೊಗ್ಗಿನ ಟೊಂಗೆಗಳು ಪಕ್ಕದಲ್ಲಿ ರಾಶಿ ಬಿದ್ದಿದ್ದವು. ಸಂಗನಬಸವ ಕಟ್ಟೆಯ ಮೇಲೆ ಕೂತಿದ್ದ.

"ಎಮ್ಮಿ ಹಗ್ಗಾ ಹರ್ಕೊಂಡಿತ್ತು ಅಕ್ಕಾ. ಹೆದರಿಕಿ ಆತು, ಕಡದ ಬಿಟ್ಟೆ."

ಎಮ್ಮೆ ತನ್ನ ಗೂಟದಲ್ಲಿ ತನ್ನ ಹಳೆಯ ಹಗ್ಗದಲ್ಲೇ ಕಟ್ಟಿಸಿಕೊಂಡು ಮೆಲುಕು ಹಾಕುತ್ತಿತ್ತು. ಸಿದ್ದವ್ವ ಎಮ್ಮೆಯನ್ನು ನೋಡಿದಳು, ತಮ್ಮನನ್ನು ನೋಡಿದಳು. ಬಾಗಿಲ ಮರೆಯಲ್ಲಿ ನಿಂತ ಅನ್ನಪೂರ್ಣಾ ಕಣ್ಣು ಕೆಳಗೆ ಮಾಡಿದಳು. ಸಿದ್ದವ್ವ ಕಲ್ಲಿನ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಗಂಡ ಇನ್ನೊಬ್ಬಳನ್ನು ತಂದ ದಿನವೂ ಆಕೆ ಹಾಗೆ ಅತ್ತಿರಲಿಲ್ಲ.

ಬೆಳಗಾಗುವುದರೊಳಗೆ ಅಳು ಮುಗಿದು ಸಿಟ್ಟು ಹುಟ್ಟಿತ್ತು, ಸಿಟ್ಟಿನ ಹಿಂದೆ ಒಂದು ಲೆಕ್ಕವೂ ಹುಟ್ಟಿತ್ತು. ಹಿಂದೆ ಈ ಗಿಡಗಳು ಹುಟ್ಟಿದ್ದೇ ಕಡಿದ ಟೊಂಗೆಗಳಿಂದ. ಈಗ ತಮ್ಮ ಕಡಿದು ಕೊಟ್ಟದ್ದು ರಾಶಿ ರಾಶಿ. ಎಲೆಗಳನ್ನೆಲ್ಲ ಸವರಿ ಹೂತು, ಟೊಂಗೆಗಳನ್ನು ಒಂದೊಂದಾಗಿ ಕಲ್ಲಿನಿಂದ ಕಲ್ಲಿಗೆ, ಗಡಿಯ ಗೆರೆಯ ಗುಂಟ ಊರುತ್ತ ಹೋದಳು. ಮೊದಲು ಅಲ್ಲೊಂದು ಇಲ್ಲೊಂದು ಇದ್ದ ಗಿಡ ಈಗ ಸಾಲು ಸಾಲಾಯಿತು. ಮೋಟುಗಳ ಬುಡಕ್ಕೂ ನೀರು ಹೊಯ್ದಳು. ಸಂಗನಬಸವ ಹಲ್ಲು ತಿಕ್ಕುತ್ತ ನೋಡಿ ಒಳಗೆ ಹೋದ.

ಮುಂಗಾರು ಆ ವರ್ಷ ತಡವಾದರೂ ಬಂತು. ಒಂದು ಟೊಂಗೆ ಕಡಿದಲ್ಲಿ ಮೂರು ಚಿಗುರು ಒಡೆದವು. ಆದರೆ ಹೂ? ಆಷಾಢ ಹಿಡಿಯಿತು, ಮೊಗ್ಗಿಲ್ಲ. ಸಿದ್ದವ್ವ ಊಟ ಬಿಟ್ಟಳು, ಜಗಳ ಆಡುವುದನ್ನೂ ಬಿಟ್ಟಳು, ಅದನ್ನು ಕಂಡು ಓಣಿಯವರಿಗೇ ಹೆದರಿಕೆಯಾಯಿತು. ಆಷಾಢ ಮುಗಿಯುತ್ತ ಬಂದಾಗ ಮೋಟುಗಳ ಚಿಗುರಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಮೊಗ್ಗು ಕಟ್ಟಿದವು. ಅಂದಿನಿಂದ ಆಕೆ ಆ ಮೂಲೆ ಬಿಟ್ಟು ಕದಲಲಿಲ್ಲ. ಹೊರಸನ್ನೇ ಅಲ್ಲಿಗೆ ಎಳೆದು ತಂದು ಪಕ್ಕದಲ್ಲಿ ಬಡಿಗೆ ಇಟ್ಟುಕೊಂಡಳು.

ಅಷ್ಟರಲ್ಲಿ ಅನ್ನಪೂರ್ಣಾಳ ಅಣ್ಣಂದಿರು ಬಂದು ಆಕೆಯನ್ನು ಪಂಚಮಿಗೆಂದು ನರಗುಂದಕ್ಕೆ ಕರೆದುಕೊಂಡು ಹೋದರು. ಹೆಣ್ಣುಮಕ್ಕಳು ತವರಿನಲ್ಲಿ ಉಂಡಿ ತಿಂದು ಜೋಕಾಲಿ ಆಡುವ ಹಬ್ಬ ಅದು. ಆದರೆ ಆಕೆ ಹಬ್ಬಕ್ಕೆ ನಿಲ್ಲದೆ ಎರಡು ದಿನ ಮೊದಲೇ ತಿರುಗಿ ಬಂದಳು. ಯಾಕೆ ಎಂದವರಿಗೆ "ಸುಮ್ಮನ" ಎಂದಳು.

ಪಂಚಮಿಯ ದಿನ ಬೆಳಿಗ್ಗೆ ಪ್ರಭುಲಿಂಗಪ್ಪ ರುಮಾಲು ಸುತ್ತಿಕೊಂಡು ಬಂದ. ಹಿಂದೆ ಅರ್ಧ ಓಣಿ ಬಂತು. ಬಂದವರು ಮೂಲೆಯ ಹತ್ತಿರ ನಿಂತರು. ಕಡಿದ ಪ್ರತಿ ಮೋಟಿನ ಮೇಲೂ ಗುಲಾಬಿ ಬಣ್ಣದ ಗೊಂಚಲುಗಳಿದ್ದವು. ಕೆಳಗೆ ಬೆಳ್ಳಗೆ ಉಪ್ಪು ಹೊಳೆಯುತ್ತಿತ್ತು. ಯಾರೋ ಮುದುಕಿ ಕೈಮುಗಿದಳು.

"ಹೂ ಆಗ್ಯಾವ್ರಿ ಕಾಕಾ" ಎಂದಳು ಸಿದ್ದವ್ವ.

ಸಂಗನಬಸವ ಮುಂದೆ ಬಂದ. ರಾತ್ರಿಯೆಲ್ಲ ಯೋಚಿಸಿ ಇಟ್ಟುಕೊಂಡ ಮಾತು ಅವನ ಹತ್ತಿರ ಇತ್ತು. "ಹಿರಿಯರು ಹೇಳಿದ್ದು ಅರಿಷಿಣ, ಕುಂಕುಮ, ಹೂವು ಅಂತ. ಅಂದ್ರ ಹೆಣ್ಣುಮಕ್ಕಳು ಮುಡಿಯೂ ಹೂ. ಕಣಗಲ ಹೂ ದೇವರಿಗೆ ಏರಸ್ತಾರ, ಮುಡಿಯೂದಿಲ್ಲ. ಇಷ್ಟು ಮಂದಿ ಹೆಣ್ಣುಮಕ್ಕಳು ನಿಂತೀರಿ, ಯಾರರ ಮುಡದೀರೇನು? ಹೇಳ್ರಿ ನೋಡೂಣು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಖರೇ, ಯಾರೂ ಮುಡಿದವರಿರಲಿಲ್ಲ. ವಿಷದ ಗಿಡ, ದೇವರ ಹೂ. ಪ್ರಭುಲಿಂಗಪ್ಪ ರುಮಾಲು ಸರಿಮಾಡಿಕೊಂಡ. "ಹೂವಂದ್ರ ಹೂವ... ಆದ್ರ ಸಂಗನಬಸವ ಹೇಳೂದ್ರಾಗೂ ಒಂದು ಮಾತೈತಿ..." ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಸಿದ್ದವ್ವ ತಾನೇ ಮುಡಿಯೋಣವೆಂದು ಕೈ ಎತ್ತಿ ಇಳಿಸಿದಳು. ತನ್ನ ವ್ಯಾಜ್ಯಕ್ಕೆ ತಾನೇ ಸಾಕ್ಷಿ ಆದರೆ ಯಾರು ಒಪ್ಪುತ್ತಾರೆ? ಮೂರು ವರ್ಷ ಮಣ್ಣಿನ ಜೊತೆ ಗುದ್ದಾಡಿ ಗೆದ್ದವಳು ಒಂದು ಮಾತಿನ ಎದುರು ಸೋತಳು.

ಆಗ ಅಡುಗೆಮನೆಯ ಬಾಗಿಲಿನಿಂದ ಅನ್ನಪೂರ್ಣಾ ಬಂದಳು. ಕೈಯಲ್ಲಿ ಹಿಟ್ಟು ಇತ್ತು, ಅದನ್ನು ಸೆರಗಿಗೆ ಒರೆಸಿಕೊಂಡಳು. ಗಂಡನನ್ನು ನೋಡಲಿಲ್ಲ, ಹಿರಿಯನನ್ನು ನೋಡಲಿಲ್ಲ. ಬೇಲಿಯ ಮುಳ್ಳು ಸರಿಸಿ ಒಳಗೆ ಹೋಗಿ ಒಂದು ಗೊಂಚಲು ಮುರಿದಳು. ಹಾಲು ಸೋರಿತು. ಅದು ನಿಲ್ಲುವವರೆಗೆ ಕಾದು, ತುರುಬಿಗೆ ಸಿಕ್ಕಿಸಿಕೊಂಡು, ತಿರುಗಿ ಎಲ್ಲರಿಗೂ ಕಾಣುವ ಹಾಗೆ ನಿಂತಳು.

ಸಂಗನಬಸವನ ಬಾಯಿ ತೆರೆದೇ ಉಳಿಯಿತು. ಪ್ರಭುಲಿಂಗಪ್ಪನಿಗೆ ಎಲ್ಲಿಲ್ಲದ ಧೈರ್ಯ ಬಂತು. "ನಿನ್ನ ಮನ್ಯಾಕಿನ ಮುಡದಾಳಲ್ಲೋ ತಮ್ಮಾ. ಇನ್ನೇನು ಕೇಳ್ತಿ? ಜಾಗಾ ಸಿದ್ದವ್ವಂದು, ಮುಗೀತು" ಎಂದು ಹೊರಟೇಬಿಟ್ಟ.

ಶ್ರಾವಣ ಮುಗಿಯುವುದರೊಳಗೆ ಸಿದ್ದವ್ವ ಮೊಣಕಾಲೆತ್ತರದ ಗೋಡೆ ಎತ್ತಿದಳು, ತಗಡಿನದೊಂದು ಖೋಲಿ ಹಾಕಿಸಿದಳು. ಸೋಮವಾರಕ್ಕೊಮ್ಮೆ ಬುಟ್ಟಿ ತುಂಬ ಹೂ ಹೊತ್ತು ಮೊದಲ ಬಸ್ಸಿಗೆ ಗಜೇಂದ್ರಗಡಕ್ಕೆ ಹೋಗುತ್ತಾಳೆ. ಗಡಿಯ ಗುಂಟ ಊರಿದ ಕಡ್ಡಿಗಳೂ ಹಿಡಿದವು. ಅವುಗಳ ಎಲೆಗಳನ್ನು ಈಗಲೂ ದಿನಾ ಆರಿಸುತ್ತಾಳೆ, ಎಮ್ಮೆ ಏನು ತಪ್ಪು ಮಾಡಿದೆ ಎನ್ನುತ್ತಾಳೆ. ತಮ್ಮನ ಜೊತೆ ಮಾತು ಬಿಟ್ಟಿಲ್ಲ, ಆದರೆ ಅವನು ಬಂದಾಗ ಖೋಲಿಯ ಹೊರಗೇ ನಿಲ್ಲಿಸಿ ಮಾತಾಡಿಸುತ್ತಾಳೆ.

ಒಂದು ಸಂಜೆ ಅನ್ನಪೂರ್ಣಾ ಬಂದು, ಕೇಳದೆ, ಆ ಗೋಡೆಗೆ ಆನಿಕೊಂಡು ಕೂತಳು. ಸಿದ್ದವ್ವ ಹೂ ಕಟ್ಟುತ್ತಿದ್ದಳು. ಇಷ್ಟು ದಿನ ನಾಲಿಗೆಯ ತುದಿಯಲ್ಲಿದ್ದದ್ದನ್ನು ಕೊನೆಗೆ ಕೇಳಿದಳು.

"ಅವತ್ತ ಯಾಕ ಮುಡದಿ ಬೇ? ಮನ್ಯಾಗ ಅಂವ ಸುಮ್ಮನ ಬಿಟ್ನೇನು?"

"ಬಿಡ್ಲಿಲ್ರಿ." ಅನ್ನಪೂರ್ಣಾ ಬೆರಳಿನಿಂದ ನೆಲದ ಉಪ್ಪು ಕೆರೆದಳು. "ಪಂಚಮಿಗೆ ಅಂತ ಕರಕೊಂಡು ಹೋದ್ರಲ್ರಿ ಅಕ್ಕಾರ, ನಮ್ಮಣ್ಣಾರು. ಹೋದ ಮರುದಿನ ಆಸ್ತಿದಾಗಿನ ಹಕ್ಕು ಬಿಟ್ಟೀನಂತ ಸಹಿ ಮಾಡಿಸಿಕೊಂಡ್ರು. ಒಂದು ಇಳಕಲ್ ಸೀರಿ ಕೊಟ್ರು. ಚಲೋ ಸೀರಿನ ಐತ್ರಿ. ನಾ ಒಂದು ಮೂಲಿನೂ ಕೇಳ್ಲಿಲ್ಲ. ಕೇಳಬೇಕು ಅಂತ ಬಾಯಿಗೆ ಬರ್ಲಿಲ್ಲ ನನಗ. ಬಸ್ಸಿನ್ಯಾಗ ಬರೂ ಮುಂದ ನಿಮ್ಮದ ನೆನಪಾತು."

ಸಿದ್ದವ್ವನ ಕೈ ನಿಂತಿತು. ಎಷ್ಟು ವರ್ಷ ಒಂದೇ ಮನೆಯಲ್ಲಿ ಉಂಡರೂ ಈಕೆಯನ್ನು ತಾನು ತಮ್ಮನ ಹೆಂಡತಿ ಎಂದಷ್ಟೇ ನೋಡಿದ್ದೆ ಎಂದು ಆಕೆಗೆ ಮೊದಲ ಸಲ ನಾಚಿಕೆಯಾಯಿತು. ಮಡಿಲಿನ ಹೂಗಳಲ್ಲಿ ಅರ್ಧ ತೆಗೆದು ಅನ್ನಪೂರ್ಣಾಳ ಮಡಿಲಿಗೆ ಸುರಿದಳು. ಒಂದು ದಾರವನ್ನೂ ಕೊಟ್ಟಳು.

ಮನೆಯ ಕಡೆಯಿಂದ ಸಂಗನಬಸವನ ದನಿ ಬಂತು: "ಏ, ಎಲ್ಲಿದಿ? ಮಂದಿ ಬಂದಾರ, ಲಗೂನ ಬಾ, ಚಹಾ ಇಡು!"

ಅನ್ನಪೂರ್ಣಾ ಕೈ ಊರಿ ಏಳಲು ಹೋದಳು. ಅರ್ಧ ಎದ್ದವಳು ಸಿದ್ದವ್ವನ ಮುಖ ನೋಡಿದಳು. ಸಿದ್ದವ್ವ ಏಳು ಅನ್ನಲಿಲ್ಲ, ತನ್ನ ಪಾಡಿಗೆ ತಾನು ಹೂ ಕಟ್ಟುತ್ತಿದ್ದಳು.

"ಬರ್ತೀನಿ, ತಡೀರಿ" ಎಂದು ಕೂಗಿ ಹೇಳಿ ಅನ್ನಪೂರ್ಣಾ ಮತ್ತೆ ಕೂತಳು.